ದುಂಡು ಮೇಜಿನ ನಡುವಿನ ಚುಕ್ಕೆ

ದುಂಡು ಮೇಸ್ತ್ರಿ ಎಂಬ ಹೆಸರು ಕೇಳಿ ಹುಡುಕಿಕೊಂಡು ಬಂದವರು ಮೊದಲು ಬೇಸ್ತು ಬೀಳುತ್ತಿದ್ದರು. ಹೆಸರಿಗೆ ತಕ್ಕ ಹೊಟ್ಟೆ, ಹೆಸರಿಗೆ ತಕ್ಕ ಕೆನ್ನೆ ಇರುವ ದಡೂತಿ ಆಸಾಮಿಯೊಬ್ಬನನ್ನು ನಿರೀಕ್ಷಿಸಿ ಬಂದರೆ, ಮರದ ಪುಡಿಯ ನಡುವಿನಿಂದ ಎದ್ದು ಬರುತ್ತಿದ್ದವನು ಒಬ್ಬ ನರಪೇತಲ. "ಮೇಸ್ತ್ರಿ ಇದ್ದಾರಾ?" ಎಂದು ಅವನನ್ನೇ ಕೇಳಿದವರು ಎಷ್ಟೋ ಜನ. "ಒಳಗಿದ್ದಾರೆ, ಬನ್ನಿ ಬನ್ನಿ" ಎಂದು ಕರೆದುಕೊಂಡು ಹೋಗಿ, ಕೈ ಕೊಡವಿ, ತಾನೇ ಸ್ಟೂಲಿನ ಮೇಲೆ ಕೂತು "ಹೇಳಿ, ಏನಾಗಬೇಕಿತ್ತು?" ಎನ್ನುವುದು ಅವನ ಹಳೇ ಚೇಷ್ಟೆ.

ಹೆಸರು ಬಂದದ್ದು ಮೈಯಿಂದಲ್ಲ, ಕೆಲಸದಿಂದ. ಮೇಜಿನ ಹಲಗೆ, ಸ್ಟೂಲಿನ ಪೀಠ, ಗೋಡೆ ಗಡಿಯಾರದ ಮುಖ, ಕನ್ನಡಿಯ ಚೌಕಟ್ಟು, ಯಾವುದೇ ಆಗಲಿ, ದುಂಡಗೆ ಕೊಯ್ಯಬೇಕೆಂದರೆ ಸುತ್ತಲಿನ ಬಡಗಿಗಳೆಲ್ಲ ಅವನ ಬೀದಿಗೇ ಬರುತ್ತಿದ್ದರು. ಜಿಗ್‌ಸಾ ಮಷಿನ್ ಯಾರ ಹತ್ತಿರ ಇಲ್ಲ ಹೇಳಿ? ಪೆನ್ಸಿಲ್ ಗೆರೆ ಹಿಡಿದು ಅದರಲ್ಲಿ ಕೊಯ್ದರೆ ದೂರದಿಂದ ದುಂಡಗೇ ಕಾಣುತ್ತದೆ. ಹತ್ತಿರ ಹೋಗಿ ಅಂಚಿನ ಮೇಲೆ ಬೆರಳು ಎಳೆದರೆ ಬಣ್ಣ ಬಯಲಾಗುತ್ತದೆ. ಒಂದು ಕಡೆ ಉಬ್ಬು, ಇನ್ನೊಂದು ಕಡೆ ತಗ್ಗು. ಮೇಸ್ತ್ರಿ ಜಿಗ್‌ಸಾದಿಂದ ಗೆರೆಯ ಹೊರಗೆ ಕಾಲಿಂಚು ಬಿಟ್ಟು ಒರಟಾಗಿ ಕೊಯ್ದುಕೊಳ್ಳುತ್ತಿದ್ದ, ಅಷ್ಟೇ. ಅಸಲಿ ಕೆಲಸ ರೂಟರಿನದು, ಗಿರಗಿರನೆ ತಿರುಗುವ ಅಲಗಿನಿಂದ ಮರ ಕೊರೆಯುವ ಮಷಿನಿನದು. ಒಂದು ಪ್ಲೈವುಡ್ ಪಟ್ಟಿಯ ಈ ತುದಿಗೆ ರೂಟರ್ ಬಿಗಿದು, ಆ ತುದಿಗೆ ಒಂದು ಮೊಳೆ ಇಟ್ಟು, ಆ ಮೊಳೆಯನ್ನು ಹಲಗೆಯ ನಡುವಿನ ತೂತಿನಲ್ಲಿ ಕೂರಿಸಿದರೆ ಮಷಿನ್ ಮೊಳೆಯ ಸುತ್ತ ಸುತ್ತುತ್ತದೆ. ಒಂದೇ ಸಲ ಆಳಕ್ಕೆ ಇಳಿಸುವ ಹಾಗಿಲ್ಲ, ಒಂದೊಂದು ಸುತ್ತಿನಲ್ಲೂ ಇಷ್ಟಿಷ್ಟೇ ಇಳಿಸಬೇಕು. ಕೈ ಅವಸರಿಸಿದರೆ ಮರ ಹರಿಯುತ್ತದೆ, ತಡೆದು ನಿಂತರೆ ಸುಟ್ಟು ಕಪ್ಪಾಗುತ್ತದೆ. ಮೇಸ್ತ್ರಿ ಕೊಯ್ದ ಅಂಚಿಗೆ ಉಪ್ಪುಕಾಗದ ಕೂಡ ಹೆಚ್ಚು ಬೇಕಾಗುತ್ತಿರಲಿಲ್ಲ.

ಅವನಿಗೆ ಆ ಮಷಿನ್ ಕೊಡಿಸಿದವಳು ಅಕ್ಕ. ಅವನಿಗೆ ಆರು ವರ್ಷವಾಗಿದ್ದಾಗ ತಾಯಿ ಹೋದರು. ಹದಿನೆಂಟರ ಅಕ್ಕ ಕುರ್ಚಿ ಕಾರ್ಖಾನೆಯೊಂದರಲ್ಲಿ ಪಾಲಿಶ್ ಕೆಲಸಕ್ಕೆ ಸೇರಿದಳು. ಮದುವೆಯ ಮಾತು ಬಂದಾಗಲೆಲ್ಲ "ಪುಟ್ಟ ಸ್ವಲ್ಪ ದೊಡ್ಡವನಾಗಲಿ" ಎಂದಳು. ಪುಟ್ಟ ದೊಡ್ಡವನಾದ, ಮೀಸೆ ಬಂತು, ಮದುವೆಯಾದ, ಮೀಸೆ ನರೆಯಿತು. ಅಕ್ಕನ ಬಾಯಲ್ಲಿ ಮಾತ್ರ ಅವನು ಪುಟ್ಟನಾಗಿಯೇ ಉಳಿದ. ಅವನು ಸ್ವಂತ ಕೆಲಸದ ಕೊಟ್ಟಿಗೆ ಹಾಕಿದಾಗ ಅಕ್ಕ ಕಾರ್ಖಾನೆ ಬಿಟ್ಟು ತನ್ನ ತಗಡಿನ ಪೆಟ್ಟಿಗೆ ಹೊತ್ತು ಬಂದಳು. ಅದರಲ್ಲಿ ಅರಗು, ಸ್ಪಿರಿಟ್, ಬಣ್ಣದ ಪುಡಿಯ ಡಬ್ಬಿಗಳು, ಪಾಲಿಶ್ ಹಚ್ಚಲು ಹತ್ತಿ ತುಂಬಿದ ಬಟ್ಟೆಯ ಉಂಡೆಗಳು. ಕಿಟಕಿಯ ಪಕ್ಕದ ಮೂಲೆ ಅವಳದಾಯಿತು. ಅವನು ಕೊಯ್ಯುವುದು, ಅವಳು ಮಿಂಚಿಸುವುದು. ಇಪ್ಪತ್ತು ವರ್ಷ ಹೀಗೇ ನಡೆಯಿತು.

ಅವಳ ಕೈ ಹೇಗಿತ್ತೆಂದರೆ, ಪಾಲಿಶ್ ಹಚ್ಚುವಾಗ ಅವಳು ಮಾತನಾಡುತ್ತಲೇ ಇರುತ್ತಿದ್ದಳು. ತಮ್ಮನನ್ನು ಗೇಲಿ ಮಾಡುತ್ತ, ಬೀದಿಯ ಸುದ್ದಿ ಹೇಳುತ್ತ, ನಾದಿನಿಯ ಮೇಲೆ ದೂರು ಹೇಳುತ್ತ. ಕೈ ಮಾತ್ರ ತನ್ನ ಪಾಡಿಗೆ ಎಂಟರ ಆಕಾರದಲ್ಲಿ ಓಡುತ್ತಿತ್ತು. ಒಂದು ತೊಟ್ಟು ಬೀಳುತ್ತಿರಲಿಲ್ಲ, ಒಂದು ಗೆರೆ ನಿಲ್ಲುತ್ತಿರಲಿಲ್ಲ. ಗಿರಾಕಿಗಳು ಬಂದರೆ "ನಮ್ಮ ಪುಟ್ಟನ ಕೈ ತಪ್ಪೋದು ಅಂತಾನೇ ಇಲ್ಲ ನೋಡಿ" ಎಂದು ತಮ್ಮನನ್ನೇ ಹೊಗಳುತ್ತಿದ್ದಳೇ ಹೊರತು ತನ್ನ ಬಗ್ಗೆ ಒಂದು ಮಾತೂ ಇಲ್ಲ. ಆ ಹೊಗಳಿಕೆಯೇ ಕೊನೆಗೆ ಮೇಸ್ತ್ರಿಯ ತಲೆ ಕೆಡಿಸಿತೇನೋ.

ಲೈಬ್ರರಿ ಮೇಡಂ ಬಂದದ್ದು ಎರಡು ದೊಡ್ಡ ಬಾಗಿಲು ಹೊತ್ತ ಗಾಡಿಯ ಜೊತೆ. ಲೈಬ್ರರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು, ಮೆತ್ತಗೆ ಮಾತನಾಡುವವರು. ಬಾಗಿಲುಗಳು ಅವರ ತಂದೆಯ ಹಳೇ ಬೀರುವಿನವು, ತೇಗ. "ನಾವು ಐದು ಜನ ಅಕ್ಕತಂಗಿಯರು. ಚೌಕದ ಮೇಜಾದ್ರೆ ತಲೆಯ ಕಡೆ ಯಾರು ಕೂರೋದು ಅಂತ ಜಗಳ. ದುಂಡಗೆ ಮಾಡಿಕೊಡಿ" ಎಂದರು.

ಮೇಸ್ತ್ರಿ ಬಾಗಿಲುಗಳನ್ನು ಬಿಚ್ಚಿ, ಪಟ್ಟಿಗಳನ್ನು ಅಂಟಿಸಿ, ನಾಲ್ಕಡಿಯ ಹಲಗೆ ಮಾಡಿದ. ಒಂದು ಮುಖ ಚಿನ್ನದಂಥದ್ದು. ಇನ್ನೊಂದು ಮುಖದಲ್ಲಿ ಬೀರುವಿನ ಕೀಲು ಕೂತಿದ್ದ ಹಳ್ಳಗಳು, ಮೊಳೆಯ ಗುರುತುಗಳು. ಹಾಗಾಗಿ ಯಾವುದು ಮೇಲೆ, ಯಾವುದು ಕೆಳಗೆ ಎಂಬುದರಲ್ಲಿ ಗೊಂದಲವೇ ಇರಲಿಲ್ಲ. ನಡುವಿನ ಮೊಳೆಯ ತೂತನ್ನು ಕೆಳಮುಖದಲ್ಲಿ ಕೊರೆಯಬೇಕು. ಇದು ಅವನು ಕಣ್ಣು ಮುಚ್ಚಿ ಮಾಡುವ ಕೆಲಸ. ಕೆಟ್ಟದ್ದೂ ಅದೇ.

ಹಲಗೆಯ ಕೆಳಮುಖದಲ್ಲಿ ಹಳ್ಳಗಳಿದ್ದದ್ದರಿಂದ ರೂಟರಿನ ಪಟ್ಟಿ ಎಡವುತ್ತಿತ್ತು. ಹಾಗಾದಾಗ ಮಾಡುವ ಉಪಾಯ ಅವನಿಗೆ ಗೊತ್ತಿತ್ತು. ಹಲಗೆಯನ್ನು ಚೆಂದದ ಮುಖ ಮೇಲಾಗಿ ತಿರುವಬೇಕು, ನಡುವೆ ಒಂದು ಪುಟ್ಟ ಪ್ಲೈವುಡ್ ತುಂಡನ್ನು ಎರಡೂ ಕಡೆ ಅಂಟಿರುವ ಟೇಪಿನಿಂದ ಕೂರಿಸಿ, ಮೊಳೆಯನ್ನು ಆ ತುಂಡಿಗಷ್ಟೇ ಇಳಿಸಬೇಕು. ಕೊಯ್ದಾದ ಮೇಲೆ ತುಂಡನ್ನು ಕಿತ್ತರೆ ಹಲಗೆಯ ಮೇಲೆ ಗುರುತೇ ಉಳಿಯುವುದಿಲ್ಲ. ಅವತ್ತು ಹಲಗೆ ತಿರುವಿದ. ತುಂಡನ್ನೂ ಇಟ್ಟ. ಟೇಪಿನ ಸುರುಳಿ ನೋಡಿದರೆ ಖಾಲಿ. ಅಂಗಡಿ ರಸ್ತೆಯಾಚೆ, ಎದುರಿಗೇ ಇತ್ತು! ಹೋಗಲಿಲ್ಲ. ಒಂದೇ ಒಂದು ತೊಟ್ಟು ಅಂಟು ಹಾಕಿ ತುಂಡನ್ನು ಒತ್ತಿದ. ಡ್ರಿಲ್ ಹಿಡಿಯುವಾಗ ಫೋನ್ ಬಡಿದುಕೊಂಡಿತು, ಹೆಗಲಿಗೂ ಕಿವಿಗೂ ಫೋನ್ ಸಿಕ್ಕಿಸಿಕೊಂಡು ಯಾವನೋ ಬಡಗಿಗೆ ಸ್ಟೂಲಿನ ಅಳತೆ ಹೇಳುತ್ತ ಕೊರೆದ. ತುಂಡು ದಾಟಿ ಡ್ರಿಲ್ ಹಲಗೆಗೆ ಇಳಿಯಿತು. ತೇಗದ ವಾಸನೆ ಮೂಗಿಗೆ ಬಡಿದಾಗಲೇ ಅವನಿಗೆ ಗೊತ್ತಾದದ್ದು.

ಫೋನ್ ಇಟ್ಟು, ತುಂಡನ್ನು ಕಿತ್ತು ನೋಡಿದ. ಚಿನ್ನದಂಥ ಮುಖದ ನಟ್ಟ ನಡುವೆ, ಬೆಂಕಿಕಡ್ಡಿಯಷ್ಟು ದಪ್ಪದ ತೂತು.

ಅಕ್ಕ ಅವತ್ತು ಮನೆಯಲ್ಲಿದ್ದಳು. "ಇಪ್ಪತ್ತು ವರ್ಷದಿಂದ ಒಂದೂ ಹೀಗಾಗಿಲ್ಲ" ಎಂದು ಗೋಡೆಗೆ ಹೇಳಿದ, ಗೋಡೆ ಏನು ಮಾಡೀತು? ಆ ತೂತಿನಲ್ಲೇ ಮೊಳೆ ಕೂರಿಸಿ ದುಂಡು ಕೊಯ್ದು ಮುಗಿಸಿದ. ಆಮೇಲೆ ಉಳಿದ ಮರದ ಚೂರಿನಿಂದ ಒಂದು ಕಡ್ಡಿ ಕೆತ್ತಿ, ಅಂಟು ಹಚ್ಚಿ, ತೂತಿಗೆ ಹೊಡೆದು, ಮೇಲೆ ಸಮ ಮಾಡಿ ಉಜ್ಜಿದ. ಒಣ ಮರದ ಮೇಲೆ ಏನೂ ಕಾಣಲಿಲ್ಲ. ಅವನೇ ಹುಡುಕಬೇಕಾಯಿತು.

ಇಲ್ಲಿ ಅವನು ಇನ್ನೊಂದು ತಪ್ಪು ಮಾಡಿದ್ದ. ಮರ ಬಣ್ಣ ಕುಡಿಯುವುದು ತನ್ನ ಎಳೆಗಳ ತುದಿಯಿಂದ. ಕಡ್ಡಿಯನ್ನು ನಿಲ್ಲಿಸಿ ಹೊಡೆದರೆ ಎಳೆಯ ತುದಿಯೇ ಮೇಲೆ ಬರುತ್ತದೆ, ಸುತ್ತಲಿನ ಮರಕ್ಕಿಂತ ಹೆಚ್ಚು ಬಣ್ಣ ಹೀರಿ ಕಪ್ಪಾಗುತ್ತದೆ. ಎಳೆ ಮಲಗಿರುವಂತೆ ಕೊಯ್ದ, ಅಡ್ಡ ಎಳೆಯ ಬಿಲ್ಲೆ ಹಾಕಬೇಕಿತ್ತು. ಕಲಿಯುವವನಿಗೂ ಗೊತ್ತಿರುವ ಸಂಗತಿ ಇದು. ಹೆದರಿದ ಕೈಗೆ ಯಾವ ಬುದ್ಧಿ ಇರುತ್ತದೆ?

ಅಕ್ಕನಿಗೆ ಹೇಳಬಹುದಿತ್ತು. ಹೇಳಲಿಲ್ಲ. "ನಮ್ಮ ಪುಟ್ಟನ ಕೈ ತಪ್ಪೋದೇ ಇಲ್ಲ" ಎನ್ನುವವಳ ಮುಂದೆ ಬಾಯಿ ಬರಲಿಲ್ಲ. ಅವಳು ಎರಡು ದಿನ ಹಾಡಿಕೊಂಡು ಬಣ್ಣ, ಪಾಲಿಶ್ ಹಚ್ಚಿದಳು. ಮೊದಲ ಸಲದ ಬಣ್ಣಕ್ಕೆ ಮೇಸ್ತ್ರಿಯ ಕಣ್ಣಿಗೆ ನೆರಳಿನಂತೆ ಏನೋ ಕಂಡಿತು, ಎರಡನೆಯ ದಿನ ಅರಗು ಕೂತಾಗ ಚುಕ್ಕೆ ಎದ್ದು ನಿಂತಿತು. ಅಕ್ಕ ಅದನ್ನು ಕಾಣುವ ಮೊದಲೇ ಮೇಡಂ ಬಾಗಿಲಲ್ಲಿ ನಿಂತಿದ್ದರು.

"ಅಯ್ಯೋ, ಎಷ್ಟು ಚೆನ್ನಾಗಿದೆ!" ಎಂದು ಅಂಚಿನ ಮೇಲೆ ಕೈಯಾಡಿಸಿಕೊಂಡು ಒಂದು ಸುತ್ತು ಬಂದರು. ಆಮೇಲೆ ಅವರ ಬೆರಳು ನಡುವೆ ಹೋಗಿ ನಿಂತಿತು. "ಇದೇನು, ಕಪ್ಪಗೆ?"

ಉತ್ತರ ಹೇಳಲು ಮೇಸ್ತ್ರಿಗೆ ಒಂದು ಉಸಿರಿನಷ್ಟು ಸಮಯವಿತ್ತು. ಆ ಉಸಿರಿನಲ್ಲಿ ಅವನು ಹೇಳಿದ್ದಿಷ್ಟು: "ಪಾಲಿಶ್ ಹಾಕುವಾಗ ತೊಟ್ಟು ಬಿದ್ದಿರಬೇಕು, ಮೇಡಂ."

ಅಕ್ಕ ಉಂಡೆ ಹಿಡಿದುಕೊಂಡೇ ಓಡಿ ಬಂದಳು. ಬಗ್ಗಿ ನೋಡಿದಳು. ಸ್ಪಿರಿಟ್ ಹಚ್ಚಿ ಉಜ್ಜಿದಳು, ಉಗುರಿನಿಂದ ಕೆರೆದಳು. ಹೋಗಲಿಲ್ಲ. ತಲೆಯೆತ್ತಿ ತಮ್ಮನ ಮುಖ ನೋಡಿದಳು. ಅವನು ರೂಟರಿನ ತಂತಿ ಸುತ್ತುತ್ತಿದ್ದ. "ಒಳಗೇ ಇಳಿದುಬಿಟ್ಟಿದೆ. ನನ್ನ ಕೈಯಿಂದಲೇ ಬಿದ್ದಿರಬೇಕು, ಮೇಡಂ. ತಪ್ಪಾಯ್ತು" ಎಂದಳು.

ಮೇಡಂ ದೊಡ್ಡ ಮನಸ್ಸಿನವರು. "ಹೋಗಲಿ ಬಿಡಿ, ವಯಸ್ಸಾಯ್ತಲ್ಲ ನಮಗೆಲ್ಲ" ಎಂದು ನಕ್ಕು ಮೇಜು ತೆಗೆದುಕೊಂಡು ಹೋದರು. ಅವರು ಒಳ್ಳೆಯ ಮನಸ್ಸಿನಿಂದ ಆಡಿದ ಆ ಒಂದು ಮಾತು ಅಕ್ಕನನ್ನು ನೆಲಕ್ಕೆ ಕೂರಿಸಿತು.

ಮರುದಿನ ಅವಳು ಬರಲಿಲ್ಲ. ಅದರ ಮರುದಿನ ಬಂದು, ಕಿಟಕಿಯ ಮೂಲೆಯಲ್ಲಿ ಕೂತು, ಉಂಡೆಗೆ ಪಾಲಿಶ್ ಹಾಕಿ, ಹಿಡಿದು, ಮತ್ತೆ ಕೆಳಗಿಟ್ಟಳು. "ಬೇಡಪ್ಪ ಪುಟ್ಟಾ. ಬಿದ್ದದ್ದೇ ಗೊತ್ತಾಗಿಲ್ಲ ನನಗೆ. ಗೊತ್ತಾಗದೇ ಇನ್ನೇನೇನು ಹಾಳುಮಾಡ್ತೀನೋ" ಎಂದಳು. ಅವತ್ತು ಅವನು ಹೇಳಬೇಕಿತ್ತು. ನಾಲಿಗೆ ತುದಿಗೆ ಬಂತು ಕೂಡ. ಹೊರಗೆ ಬಂದದ್ದು ಮಾತ್ರ "ನಾಲ್ಕು ದಿನ ರೆಸ್ಟ್ ತಗೋ ಅಕ್ಕ" ಎಂಬ ಮಾತು. ಎಂಥ ಮನುಷ್ಯ ನೋಡಿ!

ನಾಲ್ಕು ದಿನ ಹದಿನಾಲ್ಕು ತಿಂಗಳಾಯಿತು. ಪಾಲಿಶ್ ಕೆಲಸವೆಲ್ಲ ಸ್ಪ್ರೇ ಮಷಿನ್ ಇಟ್ಟುಕೊಂಡ ಒಬ್ಬನಿಗೆ ಹೋಯಿತು. ಅಕ್ಕ ಮನೆಯಲ್ಲಿ ಉಳಿದಳು, ಸುಮ್ಮನೆ ಉಳಿದಿದ್ದರೆ ಮೇಸ್ತ್ರಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಅವಳು ತನ್ನ ಕೈಯನ್ನೇ ನಂಬುವುದನ್ನು ಬಿಟ್ಟಳು. ಚಹಾ ಬಗ್ಗಿಸಿದರೆ ಅರ್ಧ ಲೋಟಕ್ಕೇ ನಿಲ್ಲಿಸುತ್ತಿದ್ದಳು, ಚೆಲ್ಲೀತೆಂದು. ಬಾಗಿಲಿಗೆ ಬೀಗ ಹಾಕಿ, ಮೂರು ಸಲ ಜಗ್ಗಿ, ನಾದಿನಿಯನ್ನು ಕರೆದು "ನೀನೊಂದು ಸಲ ನೋಡಮ್ಮ" ಎನ್ನುತ್ತಿದ್ದಳು. ಗುಂಡಿ ಹೊಲಿದರೆ ಬೆಳಕಿಗೆ ಹಿಡಿದು ತೋರಿಸುತ್ತಿದ್ದಳು. ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದವನೂ ಮೇಸ್ತ್ರಿಯೇ. ಡಾಕ್ಟರು ಅಕ್ಷರದ ಪಟ್ಟಿ ಓದಿಸಿ, ಟಾರ್ಚು ಬಿಟ್ಟು ನೋಡಿ, "ಈ ವಯಸ್ಸಿಗೆ ಇಷ್ಟು ಚೆನ್ನಾಗಿರೋ ಕಣ್ಣು ನಾನು ನೋಡೇ ಇಲ್ಲ" ಎಂದರು.

ಖುಷಿಪಡಬೇಕಲ್ಲವೇ? ಬಸ್ಸಿನಲ್ಲಿ ಕೂತಾಗ ಅಕ್ಕ ತನ್ನ ಎರಡೂ ಅಂಗೈಗಳನ್ನು ಮಡಿಲಲ್ಲಿ ಬಿಚ್ಚಿಟ್ಟುಕೊಂಡು ನೋಡಿದಳು. "ಕಣ್ಣು ಸರಿ ಇದೆಯಂತೆ. ಹಾಗಾದ್ರೆ ಕೈಯೇ ಹೋಗಿದೆ" ಎಂದಳು. ಮೇಸ್ತ್ರಿ ಕಿಟಕಿಯಾಚೆ ಮುಖ ಮಾಡಿದ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಅವನ ಕೆಲಸವೂ ಅಷ್ಟಕ್ಕಷ್ಟೇ ಆಯಿತು. ಮೊಳೆಯ ಸುತ್ತ ರೂಟರ್ ತಿರುಗುವಾಗ ಕಣ್ಣು ಅಂಚಿನ ಮೇಲೆ ಇರಬೇಕು, ಅವನ ಕಣ್ಣು ನಡುವಿನ ತೂತಿಗೇ ಹೋಗುತ್ತಿತ್ತು. ಒಂದೆರಡು ಅಂಚು ಸುಟ್ಟವು. "ಏನು ಮೇಸ್ತ್ರಿ, ದುಂಡಿಗೆ ದೃಷ್ಟಿಯಾಯ್ತಾ?" ಎಂದು ಬಡಗಿಗಳು ಕಾಲೆಳೆದರು. ಹೆಂಡತಿ ಮಾತ್ರ ನೇರವಾಗಿ ಕೇಳಿದಳು: "ಅತ್ತಿಗೆ ಎದುರಿಗೆ ಬಂದ್ರೆ ಯಾಕೆ ತಲೆ ತಗ್ಗಿಸ್ತೀರಿ?" ಅವನು ಸಿಡುಕಿ ಎದ್ದುಹೋದ.

ಒಂದು ಬೆಳಿಗ್ಗೆ ಅಕ್ಕ ತಿಂಡಿಯ ತಟ್ಟೆ ಇಡುತ್ತ ಹೇಳಿದಳು: "ಪುಟ್ಟಾ, ಆ ತಗಡಿನ ಪೆಟ್ಟಿಗೆ ಸುಮ್ಮನೆ ಧೂಳು ತಿಂತಾ ಇದೆ. ಅರಗು ಒಳ್ಳೇದು, ಹಾಳಾಗೋದು ಬೇಡ. ಸ್ಪ್ರೇಯವನು ಸಂಜೆ ಬಂದು ತಗೊಂಡು ಹೋಗ್ತಾನೆ, ಹೇಳಿದ್ದೀನಿ. ಉಂಡೆಗಳನ್ನೂ ಕೊಟ್ಟುಬಿಡ್ತೀನಿ."

ಆ ಉಂಡೆಗಳನ್ನು ಅವಳು ಯಾರಿಗೂ ಮುಟ್ಟಲು ಕೊಟ್ಟವಳಲ್ಲ. ಮೇಸ್ತ್ರಿ ತಟ್ಟೆ ಪಕ್ಕಕ್ಕೆ ಸರಿಸಿದ. ನೀರು ಕುಡಿದು "ಮಧ್ಯಾಹ್ನ ಕೊಟ್ಟಿಗೆಗೆ ಬಾ ಅಕ್ಕ. ನೀನೇ ಬಂದು ಪೆಟ್ಟಿಗೆ ಬಿಚ್ಚಿ ನೋಡಿ ಕೊಡು" ಎಂದ.

ಅವಳು ಬಂದಾಗ ಅವನು ಒಂದು ತೇಗದ ಚೂರನ್ನು ದುಂಡಗೆ ಕೊಯ್ದು ಮುಗಿಸಿದ್ದ, ಗಡಿಯಾರದಷ್ಟು ಅಗಲದ್ದು. ಮಾತಿನಲ್ಲಿ ಹೇಳುವ ಧೈರ್ಯ ಅವನಿಗಿರಲಿಲ್ಲ, ಬೆಳಗಿನಿಂದ ಹತ್ತು ಸಲ ಬಾಯಿಪಾಠ ಮಾಡಿ ಹತ್ತು ಸಲವೂ ಮರೆತಿದ್ದ. "ಇಲ್ಲಿ ಕೂತ್ಕೋ, ನೋಡು" ಎಂದ. ಆ ದುಂಡು ಬಿಲ್ಲೆಯ ನಡುವೆ ಡ್ರಿಲ್ ಇಳಿಸಿದ. ಕಡ್ಡಿ ಕೆತ್ತಿದ. ಅಂಟು ಹಚ್ಚಿ ಹೊಡೆದ. ಮಿಕ್ಕಿದ್ದನ್ನು ಕೊಯ್ದು, ಉಜ್ಜಿ, ಅವಳ ಕೈಗೆ ಕೊಟ್ಟ.

"ಏನಾದ್ರೂ ಕಾಣುತ್ತಾ?"

"ಇಲ್ಲ ಕಣೋ. ಚೆನ್ನಾಗಿದೆ" ಎಂದಳು ಅಕ್ಕ. ಅವಳಿಗೆ ಇನ್ನೂ ಹೊಳೆದಿರಲಿಲ್ಲ.

ಮೇಸ್ತ್ರಿ ಅವಳ ಪೆಟ್ಟಿಗೆ ತೆರೆದು, ಬಣ್ಣ ಕಲಸಿ, ತನ್ನ ಒರಟು ಕೈಯಿಂದಲೇ ಬಿಲ್ಲೆಯ ಮೇಲೆ ಒಂದು ಸಲ ಎಳೆದ. ಇಬ್ಬರೂ ಬಗ್ಗಿ ನೋಡಿದರು. ನಟ್ಟ ನಡುವೆ ಕಪ್ಪು ಚುಕ್ಕೆ ನಿಧಾನವಾಗಿ ಎದ್ದಿತು.

"ಅವತ್ತೂ ಇದೇ ಆಗಿದ್ದು, ಅಕ್ಕ" ಎಂದ. "ತೂತು ನನ್ನದು. ಕಡ್ಡಿ ನನ್ನದು. ಸುಳ್ಳೂ ನನ್ನದೇ. ನಿನ್ನ ಕೈಯಿಂದ ಏನೂ ಬೀಳಲಿಲ್ಲ."

ಅಕ್ಕ ಬಿಲ್ಲೆಯನ್ನು ಬೆಳಕಿಗೆ ಹಿಡಿದಳು. ಹೆಬ್ಬೆರಳಿನಿಂದ ಚುಕ್ಕೆಯನ್ನು ಸವರಿದಳು. ಕೂಗಾಡಲಿಲ್ಲ. "ಅವತ್ತು ಬಗ್ಗಿ ನೋಡಿದಾಗ ಒಂದು ಕ್ಷಣ ಕಡ್ಡಿ ಅಂತಲೇ ಅನ್ನಿಸಿತ್ತು ನನಗೆ. ನಿನ್ನ ಮುಖ ನೋಡಿದೆ. ಕಡ್ಡಿಯಾಗಿದ್ರೆ ಪುಟ್ಟ ಹೇಳದೇ ಇರ್ತಾನಾ ಅಂದ್ಕೊಂಡೆ. ನನ್ನ ಕಣ್ಣನ್ನ ಬಿಟ್ಟು ನಿನ್ನ ನಂಬಿದೆ ಕಣೋ."

ಮೇಸ್ತ್ರಿ ನೆಲದ ಮೇಲೆ, ಮರದ ಪುಡಿಯಲ್ಲೇ ಕುಸಿದು ಕೂತ. ನಲವತ್ತೆಂಟು ವರ್ಷದ ಗಂಡಸು ಮುಖ ಮುಚ್ಚಿಕೊಂಡು ಅತ್ತ.

"ಏಳು. ಅಳೋಕೆ ನನಗೆ ಹಕ್ಕಿದೆ, ನಿನಗಲ್ಲ" ಎಂದಳು ಅಕ್ಕ. ಈಗ ಅವಳ ಸಿಟ್ಟು ಏರಿತು. "ಹದಿನಾಲ್ಕು ತಿಂಗಳು ನನ್ನ ಕೈ ಸತ್ತುಹೋಯ್ತು ಅಂತ ಮನೆಯಲ್ಲಿ ಕೂತಿದ್ದೆ. ಡಾಕ್ಟರ ಹತ್ತಿರ ಕರ್ಕೊಂಡು ಹೋದೆಯಲ್ಲ, ಆ ದಾರಿಯಲ್ಲೂ ಬಾಯಿ ಬಿಡಲಿಲ್ವಲ್ಲ ನೀನು! ಅವತ್ತೇ ಬಂದು 'ಅಕ್ಕ, ತೂತು ಬಿತ್ತು' ಅಂದಿದ್ರೆ, ಆ ಕಡ್ಡಿ ತೆಗೆಸಿ, ಅಡ್ಡ ಎಳೆಯ ಬಿಲ್ಲೆ ಹಾಕಿಸಿ, ಗೆರೆಗೆ ಗೆರೆ ಬರೆದು ಮುಚ್ಚಿಕೊಡ್ತಿದ್ದೆ. ಆ ಮೇಡಂಗೂ ಗೊತ್ತಾಗ್ತಿರಲಿಲ್ಲ, ಅವರ ಮೊಮ್ಮಕ್ಕಳಿಗೂ ಗೊತ್ತಾಗ್ತಿರಲಿಲ್ಲ. ನಿನ್ನ ತಪ್ಪು ಮುಚ್ಚೋಕೆ ನಾನಿಲ್ವೇನೋ? ನಿನಗೆ ಆರು ವರ್ಷ ಆದಾಗಿನಿಂದ ಅದೇ ತಾನೇ ಮಾಡ್ಕೊಂಡು ಬಂದಿದ್ದು?"

ಅವನು ಎದ್ದು ಮರದ ಪುಡಿ ಕೊಡವಿಕೊಂಡ.

"ನಡಿ, ಮೇಡಂ ಮನೆಗೆ" ಎಂದಳು. "ನನ್ನ ಮುಂದೆ ಹೇಳಿದ್ದನ್ನ ಅವರ ಮುಂದೂ ಹೇಳು."

ಹೋದರು. ಮೇಡಂ ಬಾಗಿಲು ತೆಗೆದರು. ಮೇಜು ಕಿಟಕಿಯ ಹತ್ತಿರವಿತ್ತು, ಸುತ್ತ ಐದು ಕುರ್ಚಿಗಳು, ನಡುವೆ ಒಂದು ಹೂದಾನಿ. ಮೇಸ್ತ್ರಿ ಹೂದಾನಿಯನ್ನು ಪಕ್ಕಕ್ಕೆ ಸರಿಸಿ, ಚುಕ್ಕೆಯ ಮೇಲೆ ಬೆರಳಿಟ್ಟು, ಒಂದೂ ಬಿಡದೆ ಹೇಳಿದ. ಟೇಪು, ಫೋನು, ಕಡ್ಡಿ, ಸುಳ್ಳು, ಎಲ್ಲ. ಮೇಡಂ ಅವನನ್ನು ನೋಡಲಿಲ್ಲ, ಅಕ್ಕನ ಕೈ ಹಿಡಿದುಕೊಂಡರು. "ನಾನೂ 'ವಯಸ್ಸಾಯ್ತು' ಅಂತ ಅಂದುಬಿಟ್ಟೆನಲ್ಲ. ಕ್ಷಮಿಸಿಬಿಡಿ" ಎಂದರು. ಕಡ್ಡಿ ತೆಗೆದು ಸರಿಮಾಡಿಕೊಡುತ್ತೇನೆಂದು ಮೇಸ್ತ್ರಿ ಅಂಗಲಾಚಿದ. ಮೇಡಂ ಒಪ್ಪಿದರು.

ಮೇಜು ಕೊಟ್ಟಿಗೆಗೆ ಮರಳಿತು. ಸ್ಪ್ರೇಯವನನ್ನು ಅಕ್ಕ ಬಾಗಿಲಿಂದಲೇ ವಾಪಸ್ ಕಳಿಸಿದ್ದಳು. ಮೇಸ್ತ್ರಿ ಎಚ್ಚರದಿಂದ ಕಡ್ಡಿಯನ್ನು ಕೊರೆದು ತೆಗೆದು, ಅದೇ ಬೀರುವಿನ ಮರದ ಚೂರಿನಿಂದ ಅಡ್ಡ ಎಳೆಯ ಬಿಲ್ಲೆ ಕೊಯ್ದು, ಗೆರೆಗೆ ಗೆರೆ ಹೊಂದಿಸಿ ಕೂರಿಸಿದ. ಇಡೀ ಜನ್ಮದಲ್ಲಿ ಅವನು ಅಷ್ಟು ಚಿಕ್ಕ ದುಂಡನ್ನು ಅಷ್ಟು ಚೊಕ್ಕವಾಗಿ ಕೊಯ್ದಿರಲಿಲ್ಲ. ಹಳೇ ಪಾಲಿಶ್ ಕೆರೆದು ಸವರಿ, ಮರುದಿನ ಬೆಳಿಗ್ಗೆ ಅಕ್ಕನ ಮೂಲೆಗೆ ತಂದಿಟ್ಟು, ಪೆಟ್ಟಿಗೆಯನ್ನು ಅವಳ ಪಕ್ಕದಲ್ಲಿಟ್ಟ. ಇನ್ನು ಅವಳು ಮೊದಲಿನಂತೆ ಹರಟುತ್ತಾಳೆ, ತನ್ನನ್ನು ಗೇಲಿ ಮಾಡುತ್ತಾಳೆ, ಕೈ ಎಂಟರ ಆಕಾರದಲ್ಲಿ ಓಡುತ್ತದೆ ಎಂದು ಆಸೆಪಟ್ಟು ನಿಂತ.

ಅಕ್ಕ ಉಂಡೆ ಅದ್ದಿದಳು, ಹಿಂಡಿದಳು, ಮರಕ್ಕೆ ಮುಟ್ಟಿಸಿದಳು. ಒಂದು ಗೇಣು ಎಳೆದು ಕೈ ಎತ್ತಿದಳು. ಬಗ್ಗಿ ನೋಡಿದಳು.

"ಪುಟ್ಟಾ, ಏನಾದ್ರೂ ಬಿತ್ತಾ?"

"ಇಲ್ಲ ಅಕ್ಕ."

ಇನ್ನೊಂದು ಗೇಣು. ಮತ್ತೆ ಕೈ ಎತ್ತಿದಳು. ತನ್ನ ಕೈ ತಪ್ಪಿರಲಿಲ್ಲವೆಂದು ಅವಳಿಗೆ ಈಗ ಗೊತ್ತಿತ್ತು, ಅವಳ ಕೈಗೆ ಮಾತ್ರ ಅದು ಗೊತ್ತಿರಲಿಲ್ಲ. "ಇಲ್ಲಿ ನೋಡು, ಬಿತ್ತಾ?"

"ಇಲ್ಲ ಅಕ್ಕ, ಏನೂ ಬಿದ್ದಿಲ್ಲ."

ಬೆಳಗಿನಿಂದ ಮಧ್ಯಾಹ್ನದವರೆಗೆ ಅವಳು ಪ್ರತಿ ಗೇಣಿಗೂ ಕೇಳಿದಳು. ಮೇಸ್ತ್ರಿ ರೂಟರ್ ಆರಿಸಿ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತ. ಅವಳು ಕೇಳಿದಾಗಲೆಲ್ಲ ಬಗ್ಗಿ, ನಿಜವಾಗಿ ನೋಡಿ, ನಿಜವನ್ನೇ ಹೇಳಿದ.